ಏಳು ತಲೆಮಾರು, ಆರು ಕೊಂಡಿ: ಲಿಂಕನ್ ಮನೆತನದ ವಂಶವೃಕ್ಷ ಗೋಡೆಗೆ ಏರಿದ್ದು ಹೀಗೆ

ಅಪ್ಪ ತೀರಿಕೊಂಡ ಮೇಲೆ ಊರಿನ ಹೊಲಕ್ಕೆ ವಾರಸಾ ಹಚ್ಚಿಸಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ನಾನು ಬಾಸ್ಟನ್ ಹತ್ತಿರದ ಮನೆಯಲ್ಲಿ ಕೂತು, ಅವ್ವನನ್ನು ಫೋನಿನಲ್ಲಿ ಕೇಳಿಕೊಂಡು, ಒಂದು ಹಾಳೆಯಲ್ಲಿ ಬರೆದು ಹಾವೇರಿಯಲ್ಲಿರುವ ತಮ್ಮನಿಗೆ ಕಳಿಸಿದೆ. ಹೋದಷ್ಟೇ ಬೇಗ ವಾಪಸ್ ಬಂತು. ಹಳೇ ಉತಾರದಲ್ಲಿ ಮುತ್ತಜ್ಜನ ಹೆಸರು ಒಂದು ಥರ ಇದೆ, ನಮ್ಮ ಹಾಳೆಯಲ್ಲಿ ಇನ್ನೊಂದು ಥರ. "ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ನಿಮ್ಮ ಹತ್ರ ಏನೈತಿ?" ಎಂದು ಕಚೇರಿಯವರು ಕೇಳಿದರಂತೆ. ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ ಪ್ರಶ್ನೆ ಸರಿಯಾಗೇ ಇತ್ತು. ನನ್ನ ಹತ್ತಿರ ಏನೂ ಇರಲಿಲ್ಲ.

"ಮೊದಲೆಲ್ಲಾ ಹೆಳವರು ಎತ್ತಿನ ಮ್ಯಾಲೆ ಬರ್ತಿದ್ರು. ಮನಿ ಮುಂದ ನಿಂತು ತಲೆಮಾರೆಲ್ಲಾ ಹೇಳ್ತಿದ್ರು. ಈಗ ಯಾರನ್ನ ಕೇಳ್ತಿ?" ಎಂದಳು ಅವ್ವ.

ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ವಂಶಾವಳಿ ಹುಡುಕುವ ಹುಚ್ಚು. ಅವರಿಗೆ ಈ ಕಥೆ ಹೇಳಿದೆ. ನಿನ್ನ ಮನೆಯದು ಹಿಡಿಯುವ ಮೊದಲು, ಉತ್ತರ ಗೊತ್ತಿರುವ ಒಂದು ವಂಶ ತಗೊಂಡು ಕೈ ಪಳಗಿಸಿಕೋ ಅಂದರು. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರ ಕೊಟ್ಟಿರುತ್ತಾರಲ್ಲ, ಹಾಗೆ. ನಾನು ಅಬ್ರಹಾಂ ಲಿಂಕನ್‌ನನ್ನು ಆರಿಸಿಕೊಂಡೆ. ಅವನ ವಂಶದ ಮೂಲ ಮ್ಯಾಸಚೂಸೆಟ್ಸ್ ರಾಜ್ಯದ ಹಿಂಗಮ್ ಎಂಬ ಊರು. ನಮ್ಮಲ್ಲಿಂದ ದೋಣಿಯಲ್ಲಿ ಹೋಗಿಬರುವಷ್ಟು ಹತ್ತಿರ. ಇನ್ನೊಂದು ಕಾರಣವೂ ಇತ್ತು. ಈ ವಂಶವನ್ನು ಹುಡುಕಲು ಹೋಗಿ ಸ್ವತಃ ಲಿಂಕನ್ನೇ ಸೋತಿದ್ದ.

ಸಾಮಾನು

ಬ್ರೌನ್ ಪೇಪರಿನ ಒಂದು ಸುರುಳಿ. ಇಂಡೆಕ್ಸ್ ಕಾರ್ಡಿನ ಒಂದು ಕಟ್ಟು. ಪೆನ್ಸಿಲ್, ಕಪ್ಪು ಪೆನ್ನು, ಕೆಂಪು ದಾರ, ಗುಂಡುಪಿನ್ನು. ಬೇಸ್‌ಮೆಂಟಿನ ಒಂದು ಗೋಡೆ. ದಾಖಲೆ ನೋಡೋಕೆ ಫ್ಯಾಮಿಲಿಸರ್ಚ್ ಜಾಲತಾಣ. ಅದು ಪುಕ್ಕಟೆ, ಲಾಗಿನ್ ಮಾಡಿಕೊಂಡರೆ ಸಾಕು. ಜೊತೆಗೆ ಲೈಬ್ರರಿಯಲ್ಲಿರುವ ಮುದ್ರಿತ ಪುಸ್ತಕಗಳು. ಮ್ಯಾಸಚೂಸೆಟ್ಸ್‌ನ ಎಷ್ಟೋ ಊರುಗಳ 1850ರವರೆಗಿನ ಜನನ, ಮದುವೆ, ಮರಣಗಳನ್ನು ಊರುವಾರು ಅಚ್ಚು ಹಾಕಿಸಿಟ್ಟಿದ್ದಾರೆ.

ನಿಯಮ ಒಂದೇ. ಕಾರ್ಡನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆಯುವುದು. ಇವನು ಅವನ ಮಗ ಅಂತ ತೋರಿಸುವ ಆ ಕಾಲದ ಕಾಗದ ಸಿಕ್ಕಿದ ಮೇಲಷ್ಟೇ ಪೆನ್ನು ಹಚ್ಚಿ ದಾರ ಕಟ್ಟುವುದು.

ಕಾರ್ಡಿಗೆ ನಂಬರ್ ಹಾಕುವ ಒಂದು ಹಳೇ ಜರ್ಮನ್ ಪದ್ಧತಿಯಿದೆ. ನಿಮ್ಮ ನಂಬರ್ ಎಷ್ಟೋ ಅದರ ಎರಡರಷ್ಟು ಅಪ್ಪನದು. ಅದಕ್ಕೆ ಒಂದು ಸೇರಿಸಿದರೆ ಅಮ್ಮನದು. ಲಿಂಕನ್ 1 ಆದರೆ ಅಪ್ಪ ಥಾಮಸ್ 2, ಅಮ್ಮ ನ್ಯಾನ್ಸಿ ಹ್ಯಾಂಕ್ಸ್ 3, ಅಜ್ಜ 4, ಮುತ್ತಜ್ಜ 8. ಹೀಗೇ ಹಿಂದಕ್ಕೆ 16, 32, ಕೊನೆಗೆ 64. ಆ 64ನೆಯವನೇ ಇಂಗ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಲಿಂಕನ್. ನಂಬರ್ ನೋಡಿದ ಕೂಡಲೇ ಎಷ್ಟನೇ ತಲೆಮಾರು ಅಂತ ಗೊತ್ತಾಗುತ್ತದೆ. ಅಜ್ಜಿ ಇದನ್ನು ಹೇಳಿಕೊಟ್ಟ ದಿನ ನಾನು ಸುಮ್ನೆ ಒಂದು ಗಂಟೆ ನಂಬರ್ ಬರೆಯುತ್ತಾ ಕೂತಿದ್ದೆ.

ಲಿಂಕನ್ ಎಲ್ಲಿ ನಿಂತ

1848ರ ಮಾರ್ಚ್‌ನಲ್ಲಿ ಹಿಂಗಮ್‌ನ ಸಾಲೊಮನ್ ಲಿಂಕನ್ ಎಂಬಾತನಿಗೆ ಅಬ್ರಹಾಂ ಲಿಂಕನ್ ಪತ್ರ ಬರೆದಿದ್ದಾನೆ. ಆಗ ಅವನು ಸಂಸತ್ ಸದಸ್ಯ. ಅಜ್ಜನ ಹೆಸರು ಅಬ್ರಹಾಂ, ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೆಂಟಕಿಗೆ ಬಂದವನು ಅನ್ನುವುದು ಅವನಿಗೆ ಗೊತ್ತು. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ಬಂದ, ಕ್ವೇಕರ್ ಎಂಬ ಕ್ರೈಸ್ತ ಪಂಗಡದವನು ಇರಬೇಕು ಅನ್ನುವುದು ಬರೀ ಕೇಳಿದ ಮಾತು. 1859ರ ಡಿಸೆಂಬರ್‌ನಲ್ಲಿ ಗೆಳೆಯ ಜೆಸ್ಸಿ ಫೆಲ್‌ಗೆ ಬರೆದುಕೊಟ್ಟ ಪುಟ್ಟ ಆತ್ಮಕಥೆಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾನೆ. ನ್ಯೂ ಇಂಗ್ಲೆಂಡಿನ, ಅಂದರೆ ಹಿಂಗಮ್ ಇರುವ ಈಶಾನ್ಯ ಅಮೆರಿಕದ ಸೀಮೆಯ, ಲಿಂಕನ್‌ಗಳಿಗೂ ತಮಗೂ ಸಂಬಂಧ ಹುಡುಕಲು ನೋಡಿದೆವು, ಎರಡೂ ಮನೆಗಳಲ್ಲಿ ಒಂದೇ ಥರದ ಹೆಸರುಗಳಿವೆ ಅನ್ನುವುದು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ ಅಂತ. ಈನಕ್, ಲೀವೈ, ಮಾರ್ಡಕೈ, ಸಾಲೊಮನ್, ಅಬ್ರಹಾಂ, ಇವು ಆ ಹೆಸರುಗಳು.

ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತೇವಲ್ಲ, ಅದೇ ಇದು. ಹೆಸರು ಸುಳಿವು ಕೊಡುತ್ತದೆ. ಆದರೆ ಒಂದೇ ಊರಲ್ಲಿ ನಾಲ್ಕು ಬಸಪ್ಪ ಇದ್ದಾಗ ಏನು ಮಾಡೋದು?

ಕೊಂಡಿ 1ರಿಂದ 2: ಕಡತ ಬೇರೆ ಊರಲ್ಲಿತ್ತು

ಇದು ಸುಲಭ ಅಂದುಕೊಂಡಿದ್ದೆ. ಥಾಮಸ್ ತನ್ನ ಅಪ್ಪ ಅಂತ ಲಿಂಕನ್ನೇ ಬರೆದಿದ್ದಾನೆ. ಮುಗೀತಲ್ಲ? ಆದರೆ ಈ ಕೊಂಡಿಯ ಮೇಲೂ ಒಂದು ಕಾಲಕ್ಕೆ ಜನ ಕಲ್ಲು ಎಸೆದಿದ್ದರು. ಲಿಂಕನ್‌ನ ಅಪ್ಪ ಅಮ್ಮನಿಗೆ ಮದುವೆಯೇ ಆಗಿರಲಿಲ್ಲ ಅಂತ ಗಾಳಿಸುದ್ದಿ ಎದ್ದಿತ್ತು. ಅವರು ಸಂಸಾರ ಹೂಡಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಜನ ಅಲ್ಲೇ ಹುಡುಕಿದರು, ಸಿಗಲಿಲ್ಲ. ಕಾಗದ ಇದ್ದದ್ದು ಪಕ್ಕದ ವಾಷಿಂಗ್ಟನ್ ಕೌಂಟಿಯ ಕೋರ್ಟಿನಲ್ಲಿ. ಹೆಣ್ಣಿನ ಕಡೆಯವರು ಇರುವಲ್ಲಿ ಮದುವೆ ಆಗುತ್ತದೆ ಅನ್ನುವುದು ನಮ್ಮವರಿಗೆ ಹೇಳಬೇಕಾಗಿಲ್ಲ. ಲಿಂಕನ್ ಸತ್ತು ವರ್ಷಗಳಾದ ಮೇಲೆ ಅದು ಸಿಕ್ಕಿತು.

ಅದು 1806ರ ಜೂನ್ 10ರ ಮದುವೆಯ ಮುಚ್ಚಳಿಕೆ, ಐವತ್ತು ಪೌಂಡಿನದು. ಜೂನ್ 12ಕ್ಕೆ ಜೆಸ್ಸಿ ಹೆಡ್ ಎಂಬ ಪಾದ್ರಿ ಮದುವೆ ಮಾಡಿಸಿದ್ದಾನೆ. ಮುಚ್ಚಳಿಕೆಗೆ ಹೊಣೆ ನಿಂತ ರಿಚರ್ಡ್ ಬೆರಿ, ತಾನು ಹುಡುಗಿಯ ಪೋಷಕ ಅಂತ ಬರೆಯಲು ಹೋಗಿ ಕಾಗುಣಿತ ತಪ್ಪಿ 'ತೋಟ' ಅಂತ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಗಾರ್ಡಿಯನ್ ಹೋಗಿ ಗಾರ್ಡನ್ ಆಗಿದೆ. ಅದನ್ನು ಓದಿ ಮುತ್ತಜ್ಜನ ಉತಾರ ನೆನಪಾಯಿತು. ಬರೆಯುವವರು ಎಲ್ಲ ಕಡೆಯೂ ಹೀಗೇ.

ಪೆನ್ನು. ದಾರ.

ಕೊಂಡಿ 2ರಿಂದ 4: ಎರಡು ರಾತ್ರಿ ಹಾಳು

ಥಾಮಸ್‌ನ ಅಪ್ಪ ಕ್ಯಾಪ್ಟನ್ ಅಬ್ರಹಾಂ ಲಿಂಕನ್. ಕೆಂಟಕಿಯ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಮೂಲನಿವಾಸಿ ದಾಳಿಯಲ್ಲಿ ಸತ್ತ. ಮೂರು ಗಂಡುಮಕ್ಕಳು ಅಲ್ಲೇ ಇದ್ದರು. ಹಿರಿಯ ಮಾರ್ಡಕೈ ಕೋವಿ ತಂದು ದಾಳಿಕಾರನನ್ನು ಹೊಡೆದ, ಚಿಕ್ಕವನು ಥಾಮಸ್ ಬದುಕಿದ. ಈ ಕಥೆ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ನನಗೆ ಬೇಕಿದ್ದದ್ದು ಕಾಗದ.

ಕೆಂಟಕಿಯ ಜೆಫರ್ಸನ್ ಕೌಂಟಿಯ ಜಮೀನು ದಾಖಲೆಗಳ ಸೂಚಿಯಲ್ಲಿ ಲಿಂಕನ್ ಅಂತ ಹುಡುಕಿದೆ. ಸೊನ್ನೆ. ಉಚ್ಚಾರ ಹೋಲುವ ಹೆಸರುಗಳನ್ನೂ ತೋರಿಸು ಅಂತ ಕೊಟ್ಟೆ. ಆಗಲೂ ನನ್ನವನು ಬರಲಿಲ್ಲ. ಎರಡು ರಾತ್ರಿ ಹೋಯಿತು. ಮೂರನೇ ದಿನ ಅಜ್ಜಿ ಚಹಾ ಕುಡಿಯುತ್ತಾ, ಆ ಹುಡುಕಾಟ ಹೇಗೆ ನಡೆಯುತ್ತೆ ಗೊತ್ತಾ ಅಂತ ಕೇಳಿದರು. ಗೊತ್ತಿರಲಿಲ್ಲ.

ಅದರ ಹೆಸರು ಸೌಂಡೆಕ್ಸ್. 1918ರಲ್ಲಿ ಪೇಟೆಂಟ್ ಆದ ಯುಕ್ತಿ. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರ ಬಿಟ್ಟು, ಮುಂದಿನ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಮೂರು ಅಂಕಿ ಆದ ಕೂಡಲೇ ನಿಲ್ಲಿಸುತ್ತಾರೆ. ನಕಾರಕ್ಕೆ 5, ಕಕಾರಕ್ಕೆ 2, ಲಕಾರಕ್ಕೆ 4, ರಕಾರಕ್ಕೆ 6. ಲಿಂಕನ್ ಹೆಸರಿನ ಇಂಗ್ಲಿಷ್ ಬರಹದಲ್ಲಿ ಕಡೆಯಲ್ಲಿ ಒಂದು ಲಕಾರ ಇದೆ, ನಾವು ಉಚ್ಚರಿಸುವುದಿಲ್ಲ ಅಷ್ಟೇ. ಹಾಗಾಗಿ ಎಲ್ 524. ಆದರೆ ಗಡಿನಾಡಿನಲ್ಲಿ ಅಳತೆ ಮಾಡುವವನು ಕಿವಿಗೆ ಬಿದ್ದ ಹಾಗೆ ಲಿಂಕ್‌ಹಾರ್ನ್ ಅಂತ ಬರೆದಿದ್ದ. ಅದರಲ್ಲಿ ಲಕಾರದ ಜಾಗಕ್ಕೆ ರಕಾರ ಬಂತು. ಎಲ್ 526. ಕಿವಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಲಿಂಕ್‌ಹಾರ್ನ್ ಅಂತ ಹಾಕಿದೆ. ಬಂತು. 1785ರ ಮೇ ತಿಂಗಳ ಅಳತೆ. ಲಾಂಗ್ ರನ್ ಎಂಬ ಹಳ್ಳದ ದಂಡೆಯಲ್ಲಿ 400 ಎಕರೆ, ಅಬ್ರಹಾಂ ಲಿಂಕ್‌ಹಾರ್ನ್ ಹೆಸರಲ್ಲಿ. ಇದರಿಂದ ಇನ್ನೊಂದು ಲಾಭವಾಯಿತು. ಅಜ್ಜ ಸುಮಾರು 1784ರಲ್ಲಿ ಸತ್ತ ಅಂತ ಲಿಂಕನ್ 1848ರಲ್ಲಿ ಬರೆದಿದ್ದ. ಆದರೆ 1785ರಲ್ಲಿ ಅಜ್ಜ ತನ್ನ ಜಮೀನು ಅಳೆಸುತ್ತಿದ್ದಾನೆ! ಅವನು ಸತ್ತದ್ದು 1786ರಲ್ಲಿ. ಸ್ವಂತ ಮೊಮ್ಮಗನ ಮಾತೇ ಎರಡು ವರ್ಷ ತಪ್ಪಿದೆ. ನಿಯಮ ಮಾಡಿಕೊಂಡಿದ್ದರೂ ಮನೆಯ ಮಾತನ್ನು ನಾನೂ ಅದುವರೆಗೆ ಪೆನ್ನಿನಲ್ಲೇ ಬರೆದುಕೊಳ್ಳುತ್ತಿದ್ದೆ. ಹಳೇ ಕಾರ್ಡುಗಳನ್ನೆಲ್ಲಾ ತೆಗೆದು ಮತ್ತೆ ಪೆನ್ಸಿಲ್‌ನಲ್ಲಿ ಬರೆದೆ.

ಕೆಂಟಕಿ ಆಗ ವರ್ಜೀನಿಯಾಕ್ಕೆ ಸೇರಿತ್ತು. ವರ್ಜೀನಿಯಾ ಕಾನೂನಿನಂತೆ ಉಯಿಲು ಇಲ್ಲದಿದ್ದರೆ ಆಸ್ತಿಯೆಲ್ಲ ಹಿರಿಮಗನಿಗೆ. ಮಾರ್ಡಕೈಗೆ ಸಾವಿರಾರು ಎಕರೆ, ಥಾಮಸ್‌ಗೆ ಏನೂ ಇಲ್ಲ. ಆ ಕಾನೂನು ರದ್ದಾಗಿ ಹೊಸದು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಅಪ್ಪ ಇನ್ನೊಂದು ವರ್ಷ ಬದುಕಿದ್ದರೆ ಥಾಮಸ್‌ಗೂ ಪಾಲು ಬರುತ್ತಿತ್ತು. ಮೊಮ್ಮಗ ಲಿಂಕನ್ ಹುಟ್ಟಿದ ಮರದ ದಿಮ್ಮಿಯ ಗುಡಿಸಲಿನ ಕಥೆಯ ಹಿಂದೆ ಈ ಪಾಲಿನ ಕಥೆಯೂ ಇದೆ.

ಕೊಂಡಿ 4ರಿಂದ 8: ಸುಟ್ಟ ದಾಖಲೆ

ಕ್ಯಾಪ್ಟನ್ ಅಬ್ರಹಾಂನ ಅಪ್ಪ ಜಾನ್. ಪೆನ್ಸಿಲ್ವೇನಿಯಾದಿಂದ 1768ರಲ್ಲಿ ವರ್ಜೀನಿಯಾದ ಲಿನ್‌ವಿಲ್ ಕ್ರೀಕ್ ಹತ್ತಿರ ಬಂದ. ಅಲ್ಲಿ ಈಗ ರಾಕಿಂಗ್‌ಹ್ಯಾಮ್ ಕೌಂಟಿ. ಸರಿ, ಆ ಕೌಂಟಿಯ ಕಡತ ನೋಡೋಣ ಅಂತ ಹೋದರೆ, ಅಮೆರಿಕದ ಅಂತರ್ಯುದ್ಧದ ವೇಳೆ, 1864ರ ಜೂನ್‌ನಲ್ಲಿ, ಬಂಡಿಯಲ್ಲಿ ಸಾಗಿಸುತ್ತಿದ್ದ ಕೋರ್ಟಿನ ದಾಖಲೆಗಳಿಗೆ ಉತ್ತರದ ಸೈನಿಕರು ಬೆಂಕಿ ಹಚ್ಚಿದ್ದರು. ಆಗ ಆ ಸೈನ್ಯದ ದಂಡನಾಯಕ, ಅಂದರೆ ರಾಷ್ಟ್ರಾಧ್ಯಕ್ಷ ಯಾರು? ಅಬ್ರಹಾಂ ಲಿಂಕನ್. ತಾತ ಮುತ್ತಾತರು ಬಾಳಿದ ಕೌಂಟಿಯ ಕಡತ ಅವನ ಸೈನ್ಯದ ಕೈಯಲ್ಲೇ ಬೂದಿಯಾಯಿತು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆದರೆ ದಾರಿ ಇತ್ತು. ರಾಕಿಂಗ್‌ಹ್ಯಾಮ್ ಕೌಂಟಿ ಹುಟ್ಟಿದ್ದೇ 1778ರಲ್ಲಿ. ಅದಕ್ಕೂ ಮುಂಚೆ ಆ ಜಾಗ ಆಗಸ್ಟಾ ಕೌಂಟಿಗೆ ಸೇರಿತ್ತು, ಕಡತ ಸ್ಟಾಂಟನ್ ಊರಲ್ಲಿ ಭದ್ರವಾಗಿತ್ತು. ಅಲ್ಲಿನ ಪತ್ರಗಳಲ್ಲಿ 1773ರಲ್ಲಿ ಜಾನ್ ಮತ್ತು ಹೆಂಡತಿ ರೆಬೆಕಾ ತಮ್ಮ ಜಮೀನಿನಲ್ಲಿ ಮಕ್ಕಳಾದ ಅಬ್ರಹಾಂ ಮತ್ತು ಐಸಾಕ್‌ಗೆ ಪಾಲು ಬರೆದುಕೊಟ್ಟಿದ್ದಾರೆ. ನಮ್ಮ ಹಾವೇರಿಯ ಹಾಗೆ ಅನ್ನಿ. 1997ಕ್ಕೆ ಮುಂಚಿನ ಜಿಲ್ಲಾ ಕಾಗದ ಬೇಕಂದರೆ ಧಾರವಾಡಕ್ಕೇ ಹೋಗಬೇಕಲ್ವಾ?

ಪೆನ್ನು. ಆದರೆ 5ನೇ ಕಾರ್ಡು, ಅಂದರೆ ಕ್ಯಾಪ್ಟನ್‌ನ ಹೆಂಡತಿ ಬಾತ್‌ಶೀಬಾ, ಇನ್ನೂ ಅರ್ಧ ಪೆನ್ಸಿಲ್‌ನಲ್ಲೇ ಇದ್ದಾಳೆ. ಹೆಸರಿಗೆ ಜಮೀನು ಪತ್ರ ಇದೆ. ಹೆರಿಂಗ್ ಮನೆತನದವಳು ಅನ್ನುವುದಕ್ಕೆ ಮನೆಯವರ ಮಾತೇ ಆಧಾರ.

ಕೊಂಡಿ 8ರಿಂದ 16: ಮುನ್ನೂರು ಎಕರೆ

ಇಲ್ಲಿ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಯಾರೋ ಇಂಟರ್‌ನೆಟ್‌ನಲ್ಲಿ ಹಾಕಿದ್ದ ವಂಶವೃಕ್ಷದಿಂದ 16ನೆಯವನಾದ ಮಾರ್ಡಕೈನ ವಿವರ ಎತ್ತಿಕೊಂಡೆ. 1686ರಲ್ಲಿ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ ಜನನ ಅಂತಿತ್ತು. ಅಜ್ಜಿ ಕಾರ್ಡು ನೋಡಿ ನಕ್ಕರು. ಬರ್ಕ್ಸ್ ಕೌಂಟಿ ಆದದ್ದು 1752ರಲ್ಲಿ! ಕಾರ್ಡು ಹರಿದು ಹಾಕಿದೆ. ಆಮೇಲಿಂದ ಇನ್ನೊಬ್ಬರ ವೃಕ್ಷವನ್ನು ವಿಳಾಸ ಕೇಳೋಕೆ ಮಾತ್ರ ಬಳಸುತ್ತೇನೆ, ಮನೆ ಕಟ್ಟೋಕಲ್ಲ.

ನಿಜವಾದ ಮಾರ್ಡಕೈ ಕಬ್ಬಿಣದ ಕೆಲಸದವನು. ನ್ಯೂ ಜೆರ್ಸಿಯ ಮನ್ಮತ್ ಕೌಂಟಿಯಲ್ಲಿದ್ದು, ಹ್ಯಾನಾ ಸಾಲ್ಟರ್‌ಳನ್ನು ಮದುವೆಯಾಗಿ, ಆಮೇಲೆ ಪೆನ್ಸಿಲ್ವೇನಿಯಾಗೆ ಹೋಗಿ ಕುಲುಮೆಯಲ್ಲಿ ಪಾಲುದಾರನಾದ. 1733ರಲ್ಲಿ ಅವನು ಕಟ್ಟಿಸಿದ ಕಲ್ಲಿನ ಮನೆ ಇನ್ನೂ ನಿಂತಿದೆ. ಅವರ ಮಗು ಡೆಬೊರಾ ಮೂರು ವರ್ಷ ನಾಲ್ಕು ತಿಂಗಳಿಗೇ ತೀರಿಹೋಯಿತು. 1720ರ ಆ ಸಮಾಧಿ ಕಲ್ಲು ನ್ಯೂ ಜೆರ್ಸಿಯಲ್ಲಿದೆ. ಅದು ನನ್ನ ಕೊಂಡಿಗೆ ಬೇಕಿರಲಿಲ್ಲ. ಆದರೂ ಒಂದು ಕಾರ್ಡು ಬರೆದು ಪಕ್ಕದಲ್ಲಿ ಚುಚ್ಚಿದೆ.

ವರ್ಜೀನಿಯಾದ ಜಾನ್ ಇವನ ಮಗನೇ ಅನ್ನಲು ಏನು ಸಾಕ್ಷಿ? ಮಾರ್ಡಕೈನ ಉಯಿಲು. ಅದರಲ್ಲಿ ಮಗ ಜಾನ್‌ಗೆ ನ್ಯೂ ಜೆರ್ಸಿಯ 300 ಎಕರೆ ಕೊಟ್ಟಿದ್ದಾನೆ. ಮುಂದೆ ಪೆನ್ಸಿಲ್ವೇನಿಯಾದಲ್ಲಿದ್ದ ಒಬ್ಬ ಜಾನ್ ಲಿಂಕನ್ ನ್ಯೂ ಜೆರ್ಸಿಯ ಅದೇ ಜಮೀನನ್ನು ಮಾರಿದ್ದಾನೆ. ಅಲ್ಲಿಗೆ ಗಂಟು ಬಿತ್ತು. ಹೆಸರು ಎಷ್ಟು ಜನರಿಗಾದರೂ ಇರಬಹುದು. ಆ 300 ಎಕರೆ ಒಬ್ಬ ಜಾನ್‌ಗೆ ಮಾತ್ರ ಇರೋಕೆ ಸಾಧ್ಯ. ಲಿಂಕನ್ ಕೈಯಲ್ಲಿ ಹೆಸರುಗಳ ಪಟ್ಟಿ ಇತ್ತು, ಈ ಹೊಲ ಇರಲಿಲ್ಲ.

ಉಯಿಲಿನ ತಾರೀಖು ನನ್ನನ್ನು ಅರ್ಧ ದಿನ ಸತಾಯಿಸಿತು. ಫೆಬ್ರವರಿ 22, 1735/6. ಇದೇನು, ಬರೆದವನಿಗೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಗ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಫೆಬ್ರವರಿ ಅಂದರೆ ಇನ್ನೂ ಹಳೇ ವರ್ಷ. ಜನವರಿಯಿಂದ ಎಣಿಸುವವರಿಗೆ ಆಗಲೇ ಹೊಸ ವರ್ಷ. ಹಾಗಾಗಿ ಎರಡನ್ನೂ ಬರೆಯುತ್ತಿದ್ದರು. 1752ರಲ್ಲಿ ಈ ಗೊಂದಲ ಮುಗಿಯಿತು. ಆ ವರ್ಷ ಸೆಪ್ಟೆಂಬರ್ 2ರ ಮಾರನೇ ದಿನವೇ ಸೆಪ್ಟೆಂಬರ್ 14. ಯುಗಾದಿ ಮಾಡುವ ಮನೆಯವನಿಗೆ ಇದು ಬೇಗ ತಲೆಗೆ ಹೋಯಿತು. ಅಜ್ಜಿಗೆ ನಾನೇ ವಿವರಿಸಿದ ಒಂದೇ ವಿಷಯ ಇದು.

ಕೊಂಡಿ 16ರಿಂದ 32

ನ್ಯೂ ಜೆರ್ಸಿಯ ಮಾರ್ಡಕೈ ಮ್ಯಾಸಚೂಸೆಟ್ಸ್‌ನ ಮಾರ್ಡಕೈನ ಮಗನೇ? ಲಿಂಕನ್ ದಾಟಲಾಗದೆ ಉಳಿದ ಸೇತುವೆ ಇರುವುದು ಈ ಕಡೆಗೇ. ಇಲ್ಲಿ ಒಂಟಿ ಮನುಷ್ಯನನ್ನು ಹುಡುಕಬೇಡ, ಗುಂಪನ್ನು ಹುಡುಕು ಅಂದರು ಅಜ್ಜಿ. ಹುಡುಕಿದೆ. ಅಪ್ಪ ಮಾರ್ಡಕೈ ಹಿಂಗಮ್ ಪಕ್ಕದ ಸಿಚುಯೇಟ್‌ನಲ್ಲಿ ಕಬ್ಬಿಣದ ಕೆಲಸ ಮಾಡಿಕೊಂಡಿದ್ದ, 1727ರಲ್ಲಿ ತೀರಿಕೊಂಡ. ಅವನ ಉಯಿಲಿನಲ್ಲಿ ಮಾರ್ಡಕೈ, ಅಬ್ರಹಾಂ ಎಂಬ ಮಕ್ಕಳ ಹೆಸರಿದೆ. ಅತ್ತ ಮನ್ಮತ್ ಕೌಂಟಿಯಲ್ಲೂ ಮಾರ್ಡಕೈ, ಅಬ್ರಹಾಂ ಎಂಬ ಇಬ್ಬರು ಲಿಂಕನ್‌ಗಳು. ಇಬ್ಬರೂ ಕಬ್ಬಿಣದವರು. ಒಂದು ಹೆಸರು ಹೊಂದಿದರೆ ಕಾಕತಾಳೀಯ. ಎರಡು ಹೆಸರು, ಒಂದೇ ಕಸುಬು, ಒಂದೇ ಕಾಲ ಹೊಂದಿದರೆ ಹಾಗನ್ನೋಕೆ ಆಗಲ್ಲ.

ಅಬ್ರಹಾಂ ಎಂಬ ಹೆಸರು ಈ ಮನೆಗೆ ಬಂದದ್ದೂ ಇಲ್ಲೇ. ಅಪ್ಪ ಮಾರ್ಡಕೈನ ಹೆಂಡತಿ ಸಾರಾ ಜೋನ್ಸ್. ಅವಳ ಅಪ್ಪ ಹಲ್ ಊರಿನ ಅಬ್ರಹಾಂ ಜೋನ್ಸ್, ನನ್ನ ಲೆಕ್ಕದಲ್ಲಿ 66ನೇ ಕಾರ್ಡು. ಅಂದರೆ ರಾಷ್ಟ್ರಾಧ್ಯಕ್ಷನ ಹೆಸರು ತಾಯಿ ಕಡೆಯ ಅಜ್ಜನೊಬ್ಬನಿಂದ ಇಳಿದು ಬಂದದ್ದು. ಇದನ್ನು ಕೇಳಿ ಅವ್ವನಿಗೆ ಬಹಳ ಖುಷಿಯಾಯಿತು. ನನ್ನ ಹೆಸರೂ ಅವಳ ಅಪ್ಪನದೇ.

ಕೊಂಡಿ 32ರಿಂದ 64

ಹಿಂಗಮ್‌ನಲ್ಲಿ ಆಗ ನಾಲ್ಕು ಥಾಮಸ್ ಲಿಂಕನ್‌ಗಳಿದ್ದರು. ಊರಿನವರು ಕಸುಬು ಸೇರಿಸಿ ಕರೆಯುತ್ತಿದ್ದರು. ಗಿರಣಿ ಥಾಮಸ್, ಪೀಪಾಯಿ ಥಾಮಸ್, ಬೇಸಾಯದ ಥಾಮಸ್, ನೇಕಾರ ಥಾಮಸ್. ಥೇಟ್ ನಮ್ಮೂರು! ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಯಾರ್ಕ್‌ಟೌನ್ ಊರಲ್ಲಿ ಬ್ರಿಟಿಷರ ಶರಣಾಗತಿಯ ಕತ್ತಿ ಪಡೆದ ಜನರಲ್ ಬೆಂಜಮಿನ್ ಲಿಂಕನ್ ಪೀಪಾಯಿಯವನ ವಂಶ. ನಮ್ಮ ಸ್ಯಾಮ್ಯುಯೆಲ್ ನೇಕಾರ ಥಾಮಸ್‌ನ ತಮ್ಮ. ಸ್ಯಾಮ್ಯುಯೆಲ್‌ನ ಮಗ ಮಾರ್ಡಕೈ 1657ರ ಜೂನ್ 14ಕ್ಕೆ ಹುಟ್ಟಿದ್ದು ಹಿಂಗಮ್‌ನ ಜನನ ದಾಖಲೆಯಲ್ಲಿದೆ.

ಸ್ಯಾಮ್ಯುಯೆಲ್ 1637ರಲ್ಲಿ ಇಂಗ್ಲೆಂಡಿನ ನಾರಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್‌ನ ಆಳಾಗಿ ಹಡಗು ಹತ್ತಿದ. ಆಗಿನ ಪಟ್ಟಿಯಲ್ಲಿ ಅವನ ಹೆಸರು ಲಿಂಕಾರ್ನ್ ಅಂತಿದೆ, ವಯಸ್ಸು 18. ಇಂಗ್ಲೆಂಡಿನಲ್ಲೂ ಒಂದು ಹಿಂಗಮ್ ಇದೆ, ಅಲ್ಲಿನ ಚರ್ಚಿನ ದೀಕ್ಷಾಸ್ನಾನದ ದಾಖಲೆ 1622ರದು. ಅದರ ಪ್ರಕಾರ ಅವನಿಗೆ ಹದಿನೈದೂ ತುಂಬಿರಲಿಲ್ಲ. ಹಡಗು ಹತ್ತಲು ವಯಸ್ಸು ಜಾಸ್ತಿ ಹೇಳಿದ ಅಂತ ನನ್ನ ಊಹೆ, ಹಾಗಾಗಿ ಅದು ಪೆನ್ಸಿಲ್‌ನಲ್ಲೇ ಇದೆ. ಲಿಂಕಾರ್ನ್‌ಗೆ ಸೌಂಡೆಕ್ಸ್ ಹಾಕಿ ನೋಡಿದೆ. ಎಲ್ 526. ಕೆಂಟಕಿಯ ಲಿಂಕ್‌ಹಾರ್ನ್‌ನದೇ ನಂಬರ್, ನಡುವೆ ನೂರೈವತ್ತು ವರ್ಷ!

ಒಂದು ಶನಿವಾರ ದೋಣಿಯಲ್ಲಿ ಹಿಂಗಮ್‌ಗೆ ಹೋದೆ. 1681ರಲ್ಲಿ ಕಟ್ಟಿದ ಓಲ್ಡ್ ಶಿಪ್ ಚರ್ಚ್ ಇನ್ನೂ ಇದೆ. ಸ್ಯಾಮ್ಯುಯೆಲ್ ಸತ್ತದ್ದು 1690ರಲ್ಲಿ. ಅಂದರೆ ಆ ಮರದ ತೊಲೆಗಳನ್ನು ಏರಿಸುವಾಗ ಅವನು ಇದೇ ಊರಲ್ಲಿದ್ದ. ಒಳಗೆ ಕತ್ತೆತ್ತಿ ನೋಡುತ್ತಾ ಸ್ವಲ್ಪ ಹೊತ್ತು ಕೂತೆ. ವಾಪಸ್ ಬಂದು ಕೊನೆಯ ದಾರ ಕಟ್ಟಿದೆ.

ಈಗ ಪಕ್ಕದ ಗೋಡೆ

ಹೊಸ ಬ್ರೌನ್ ಪೇಪರ್ ಹಾಕಿದ್ದೇನೆ. 1ನೇ ಕಾರ್ಡು ಅಪ್ಪ. ಎರಡು ಹೆಸರಿನ ಆ ಮುತ್ತಜ್ಜ, ಅಂದರೆ ಅಪ್ಪನ ಅಜ್ಜ, 4ನೇ ಕಾರ್ಡು. ಅವನ ಹೆಸರು ಹುಡುಕುವುದು ಬಿಟ್ಟು, ಹೊಲ ಹುಡುಕು ಅಂತ ತಮ್ಮನಿಗೆ ಹೇಳಿದೆ. ನಮ್ಮ ಹೊಲದ ಉತಾರ ಬೇಡ, ಅಕ್ಕಪಕ್ಕದವರ ಹಳೇ ಖರೀದಿ ಪತ್ರ ಸಿಕ್ಕರೆ ನೋಡು, ಅದರ ಚಕ್ಕುಬಂದಿಯಲ್ಲಿ ನಮ್ಮವರ ಹೆಸರು ಇರಬೇಕು ಅಂದೆ. "ನಿನಗ ತಲಿ ಕೆಟ್ಟೈತೇನೋ ಅಣ್ಣಾ" ಅಂದ. ಆದರೂ ಹೋದ.

ಹದಿನೈದು ದಿನದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಪಕ್ಕದ ಹೊಲದವರ ಟ್ರಂಕಿನಲ್ಲಿದ್ದ ಛಾಪಾ ಕಾಗದ. ಪಡುವಲಕ್ಕೆ ಇಂಥವರ ಮಗ ಇಂಥವರ ಹೊಲ ಅಂತ ಬರೆದಿದೆ. ಮಗನ ಹೆಸರು ಉತಾರದಲ್ಲಿದ್ದದ್ದೇ. ಅಪ್ಪನ ಹೆಸರು ಸರಿಯಾಗಿ ಕಾಗದದ ಮಡಿಕೆಯ ಮೇಲೆ ಬಂದಿದೆ. ಮೊದಲ ಎರಡು ಅಕ್ಷರ ಓದಬಹುದು, ಮುಂದೆ ಹರಿದಿದೆ. 8ನೇ ಕಾರ್ಡಿನ ಮೇಲೆ ಆ ಎರಡು ಅಕ್ಷರ ಬರೆದು ಚುಚ್ಚಿದ್ದೇನೆ, ಪೆನ್ಸಿಲ್‌ನಲ್ಲಿ. ಮೂಲ ಕಾಗದವನ್ನು ಬಿಸಿಲಿಗೆ ಹಿಡಿದು ಇನ್ನೊಂದು ಫೋಟೊ ತೆಗಿ ಅಂತ ತಮ್ಮನಿಗೆ ಹೇಳಿದ್ದೇನೆ.